ಮಹಾರಾಷ್ಟ್ರ ರಾಜ್ಯ ಲಾಟರಿ: ಮಟ್ಕಾ ತಡೆಯಲು ಹುಟ್ಟಿದ ಟಿಕೆಟ್, ಇದರ ಆಟ ಹೇಗೆ? ಗೆದ್ದರೆ ಕೈಗೆ ಸಿಗುವುದೆಷ್ಟು?

ಮುಂಬೈ: ದಾದರ್, ಕುರ್ಲಾ, ಘಾಟ್‌ಕೋಪರ್, ಠಾಣೆ. ಯಾವ ಲೋಕಲ್ ಸ್ಟೇಷನ್‌ನಿಂದ ಹೊರಬಂದರೂ ಒಂದು ಪುಟ್ಟ ಲಾಟರಿ ಸ್ಟಾಲ್ ಕಣ್ಣಿಗೆ ಬೀಳುವ ಕಾಲವೊಂದಿತ್ತು. ಸಾಲಾಗಿ ಜೋಡಿಸಿದ ಬಣ್ಣದ ಟಿಕೆಟ್‌ಗಳು, ಮುಂದೆ ನಿಂತು ನಿನ್ನೆಯ ರಿಸಲ್ಟ್ ಹಾಳೆಯ ಮೇಲೆ ಬೆರಳಾಡಿಸುವ ನಾಲ್ಕೈದು ಜನ. ಬೇಸಿಗೆ ರಜೆಗೆ ಊರಿಗೆ ಬರುತ್ತಿದ್ದ ‘ಮುಂಬೈ ಮಾಮ’ಂದಿರ ಪರ್ಸ್‌ನಲ್ಲಿ ಊರಿನ ದೇವರ ಫೋಟೊ ಜತೆಗೆ ಇಂಥದ್ದೊಂದು ಟಿಕೆಟ್ ಮಡಚಿಟ್ಟಿರುತ್ತಿದ್ದುದನ್ನು ಕರಾವಳಿಯ, ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈಗಲೂ ನೆನಪಿಸಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರ ಏಪ್ರಿಲ್‌ನಿಂದಲೇ ನಿಷೇಧ. ಹಾಗಾಗಿ ಇಂದಿನ ಯುವಕರಲ್ಲಿ ಬಹುತೇಕರಿಗೆ ಸರ್ಕಾರವೇ ಲಾಟರಿ ನಡೆಸುತ್ತದೆ ಎಂಬುದೇ ವಿಚಿತ್ರವಾಗಿ ಕೇಳಿಸಬಹುದು. ಆದರೆ ನೆರೆಯ ಮಹಾರಾಷ್ಟ್ರ, ಗೋವಾ, ಕೇರಳ ಮೂರೂ ಕಡೆ ಸರ್ಕಾರಿ ಲಾಟರಿ ಇದೆ. 2024ರಲ್ಲಿ ಕೇರಳದ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಒಲಿದ ಮೇಲಂತೂ ‘ನಾವೂ ಕೊಳ್ಳಬಹುದಾ?’, ‘ಮಹಾರಾಷ್ಟ್ರ ಲಾಟರಿ ಅಸಲಿಯಾ?’ ಎಂಬ ಪ್ರಶ್ನೆಗಳು ಹೆಚ್ಚಿವೆ. ಅದರ ಬೆನ್ನಿಗೇ ನಕಲಿ ವೆಬ್‌ಸೈಟ್‌ಗಳೂ ಹುಟ್ಟಿಕೊಂಡಿವೆ.

ಹಾಗಾದರೆ ಮಹಾರಾಷ್ಟ್ರ ರಾಜ್ಯ ಲಾಟರಿ ಎಂದರೇನು? ಅದರಲ್ಲಿ ಯಾವ್ಯಾವ ಆಟಗಳಿವೆ? ಟಿಕೆಟ್‌ನ ಹಣ ಎಲ್ಲಿಗೆ ಹೋಗುತ್ತದೆ? ಇದನ್ನು ತಿಳಿಯಲು ಮೊದಲು ಹೋಗಬೇಕಾದ್ದು ಲಾಟರಿ ಕಚೇರಿಗಲ್ಲ, ವರ್ಲಿಯ ಮಟ್ಕಾ ಅಡ್ಡೆಗೆ.

ಹತ್ತಿ ದರದಿಂದ ಮಡಕೆಗೆ

ಸ್ವಾತಂತ್ರ್ಯದ ಆಸುಪಾಸಿನ ಬಾಂಬೆಯಲ್ಲಿ ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ದರಗಳು ಟೆಲಿಪ್ರಿಂಟರ್ ಮೂಲಕ ಬರುತ್ತಿದ್ದವು. ದಿನದ ಆರಂಭದ ದರ ಎಷ್ಟು, ಮುಕ್ತಾಯದ ದರ ಎಷ್ಟು ಎಂಬುದರ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ಬರುವುದು ನಿಂತಿತು. ಬಾಜಿ ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಕಛ್ ಮೂಲದ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ ಹೊಸ ದಾರಿ ಕಂಡುಕೊಂಡರು: ಅಂಕಿ ಬರೆದ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತುವುದು. ಮಟ್ಕಾ ಎಂದರೆ ಮಡಕೆ, ಹೆಸರು ಹಾಗೇ ಉಳಿಯಿತು. 1964ರಲ್ಲಿ ರತನ್ ಖತ್ರಿ ತಮ್ಮದೇ ಮಟ್ಕಾ ಶುರು ಮಾಡಿ ‘ಮಟ್ಕಾ ಕಿಂಗ್’ ಎನಿಸಿಕೊಂಡರು. ಮಡಕೆಯ ಜಾಗಕ್ಕೆ ಇಸ್ಪೀಟ್ ಎಲೆಗಳು ಬಂದವು.

ಆಟ ಸರಳ. ಮೂರು ಅಂಕಿ ಎತ್ತುತ್ತಾರೆ, ಉದಾಹರಣೆಗೆ 3, 5, 6. ಕೂಡಿದರೆ 14. ಅದರ ಕೊನೆಯ ಅಂಕಿ 4. ಅದೇ ‘ಓಪನ್’. ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಎತ್ತಿದ್ದು ‘ಕ್ಲೋಸ್’. ಎರಡೂ ಸೇರಿದರೆ ‘ಜೋಡಿ’. ನಮ್ಮ ಊರುಗಳಲ್ಲಿ ‘ಓಸಿ’ ಎನ್ನುವುದು ಇದನ್ನೇ: ಓಪನ್–ಕ್ಲೋಸ್‌ನ ಮೊದಲ ಅಕ್ಷರಗಳು. ‘ಓಸಿ ಚೀಟಿ ಬರೆಯುತ್ತಿದ್ದ ವ್ಯಕ್ತಿ ಬಂಧನ’ ಎಂಬ ಎರಡು ಸಾಲಿನ ಸುದ್ದಿ ಇಲ್ಲದ ಜಿಲ್ಲಾ ಪುಟವನ್ನು ನಾವು ಸುದ್ದಿಮನೆಯವರು ಕಂಡಿದ್ದೇ ಕಡಿಮೆ. ಬೆಳಗಾವಿಯಿಂದ ಬಳ್ಳಾರಿವರೆಗೆ ಹಬ್ಬಿದ ಈ ಆಟದ ಮೂಲ ಬಾಂಬೆಯ ಗಿರಣಿ ಪ್ರದೇಶ.

ಪರೇಲ್, ಲಾಲ್‌ಬಾಗ್, ವರ್ಲಿಯ ಬಟ್ಟೆ ಗಿರಣಿ ಕಾರ್ಮಿಕರೇ ಮಟ್ಕಾದ ದೊಡ್ಡ ಗಿರಾಕಿಗಳು. ನಾಲ್ಕಾಣೆ, ಎಂಟಾಣೆ ಇದ್ದರೂ ಆಡಬಹುದಿತ್ತು. ಪಾಳಿ ಮುಗಿಸಿ ಬರುವ ದಾರಿಯಲ್ಲೇ ಬುಕ್ಕಿ ಕೂತಿರುತ್ತಿದ್ದ. ಪೊಲೀಸರು ಹಿಡಿದರೂ ಮರುದಿನ ಮತ್ತೆ ಶುರು.

ಸರ್ಕಾರವೇ ಕಣಕ್ಕಿಳಿದ ದಿನ

ಈ ಹಿನ್ನೆಲೆಯಲ್ಲಿ 1969ರ ಏಪ್ರಿಲ್ 12ರಂದು ಮಹಾರಾಷ್ಟ್ರ ರಾಜ್ಯ ಲಾಟರಿ ಸ್ಥಾಪನೆಯಾಯಿತು. ಜನ ಮಟ್ಕಾದಂಥ ಅಕ್ರಮ ಜೂಜಿನಲ್ಲಿ ಮೋಸ ಹೋಗುವುದನ್ನು ತಪ್ಪಿಸುವುದು, ಬರುವ ಆದಾಯವನ್ನು ಅಭಿವೃದ್ಧಿಗೆ ಬಳಸುವುದು ಸರ್ಕಾರ ಹೇಳಿದ ಉದ್ದೇಶ. ಹೇಗೂ ಆಡುವವರು ಆಡಿಯೇ ಆಡುತ್ತಾರೆ, ಲೆಕ್ಕಪತ್ರ ಇರುವ ಕಡೆ ಆಡಲಿ ಎಂಬುದು ಇದರ ತರ್ಕ. ಅದಕ್ಕೂ ಎರಡು ವರ್ಷ ಮೊದಲೇ, 1967ರಲ್ಲಿ, ಕೇರಳ ದೇಶದ ಮೊದಲ ಸರ್ಕಾರಿ ಲಾಟರಿ ಇಲಾಖೆ ತೆರೆದಿತ್ತು. 1968ರ ಜನವರಿ 26ರಂದು ನಡೆದ ಅದರ ಮೊದಲ ಡ್ರಾದಲ್ಲಿ ಟಿಕೆಟ್ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ.

ಮಹಾರಾಷ್ಟ್ರ ಲಾಟರಿ ರಾಜ್ಯದ ಹಣಕಾಸು ಇಲಾಖೆಯ ಅಡಿಯಲ್ಲಿ ಬರುತ್ತದೆ. ಇದಕ್ಕೆಂದೇ ಒಬ್ಬ ಆಯುಕ್ತರಿದ್ದಾರೆ. ಕಚೇರಿ ಇರುವುದು ನವಿ ಮುಂಬೈನ ವಾಶಿಯಲ್ಲಿ.

ಗಜಲಕ್ಷ್ಮಿಗೆ ವಾರದ ಹೆಸರೇಕೆ?

ಟಿಕೆಟ್‌ಗಳನ್ನು ಸ್ಥೂಲವಾಗಿ ಮೂರು ಬಗೆ ಮಾಡಬಹುದು. ಕಡಿಮೆ ಬೆಲೆಯ ವಾರದ ಲಾಟರಿ, ತುಸು ದುಬಾರಿಯ ಮಾಸಿಕ ಲಾಟರಿ ಮತ್ತು ಹಬ್ಬದ ಹೊತ್ತಿನ ಬಂಪರ್. ದೀಪಾವಳಿ, ಗಣೇಶೋತ್ಸವ, ಯುಗಾದಿ ಹೊತ್ತಿನ ಗುಡಿ ಪಾಡ್ವಾ ಹೀಗೆ ಬಂಪರ್‌ಗಳು ಹಬ್ಬದ ಹೆಸರಲ್ಲೇ ಬರುತ್ತವೆ. ಬಹುಮಾನದ ಮೊತ್ತವೂ ಟಿಕೆಟ್ ದರವೂ ಹೆಚ್ಚು.

ವಾರದ ಟಿಕೆಟ್‌ಗಳ ಹೆಸರುಗಳನ್ನು ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ. ‘ಗಜಲಕ್ಷ್ಮಿ ಸೋಮ’, ‘ಗಜಲಕ್ಷ್ಮಿ ಮಂಗಳ’, ‘ಗಜಲಕ್ಷ್ಮಿ ಬುಧ’ ಹೀಗೆ ಒಂದೇ ಹೆಸರಿಗೆ ವಾರಗಳು ಅಂಟಿಕೊಂಡಿರುತ್ತವೆ. ಇದು ಭಕ್ತಿಯಲ್ಲ, ಕಾನೂನು. ಕೇಂದ್ರದ 1998ರ ಲಾಟರಿ ನಿಯಂತ್ರಣ ಕಾಯ್ದೆ ಪ್ರಕಾರ ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ. ಪ್ರತಿದಿನ ಡ್ರಾ ಬೇಕೆಂದರೆ ಪ್ರತಿದಿನಕ್ಕೂ ಬೇರೆ ಲಾಟರಿ ಇರಬೇಕು. ಕೇರಳದಲ್ಲಿ ಮಂಗಳವಾರ ಸ್ತ್ರೀಶಕ್ತಿ, ಗುರುವಾರ ಕಾರುಣ್ಯ ಪ್ಲಸ್, ಶನಿವಾರ ಕಾರುಣ್ಯ ಎಂದು ದಿನಕ್ಕೊಂದು ಹೆಸರಿರುವುದೂ ಇದೇ ಲೆಕ್ಕದಲ್ಲಿ. ಹೆಸರು ಬದಲಾದರೆ ನಿಯಮ ಪಾಲನೆಯಾಯಿತು, ಗಿರಾಕಿಗೆ ಮಾತ್ರ ವಾರವಿಡೀ ಲಾಟರಿ!

ಅದೇ ಕಾಯ್ದೆ ಇನ್ನೂ ಕೆಲವು ಷರತ್ತು ಹಾಕುತ್ತದೆ. ಟಿಕೆಟ್ ಮೇಲೆ ರಾಜ್ಯ ಸರ್ಕಾರದ ಮುದ್ರೆ ಇರಬೇಕು. ಡ್ರಾವನ್ನು ರಾಜ್ಯವೇ, ರಾಜ್ಯದೊಳಗೇ ನಡೆಸಬೇಕು. ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಇರಕೂಡದು. ಯಾರೂ ಕೇಳಿ ಬಾರದ ಬಹುಮಾನದ ಹಣ ಸರ್ಕಾರಕ್ಕೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವಂತಿಲ್ಲ. ಅಂದರೆ ಮಟ್ಕಾ ಮಾದರಿಯ ‘ಸಿಂಗಲ್ ಡಿಜಿಟ್’ ಆಟ ಸರ್ಕಾರಿ ಲಾಟರಿಯಲ್ಲಿ ಇರಲು ಸಾಧ್ಯವೇ ಇಲ್ಲ. ಯಾರಾದರೂ ‘ಮಹಾರಾಷ್ಟ್ರ ಸರ್ಕಾರದ ಲಾಟರಿ, 0ಯಿಂದ 9ರೊಳಗೆ ಒಂದು ನಂಬರ್ ಹೇಳಿ’ ಎಂದರೆ ಅಲ್ಲಿಗೇ ಮಾತು ಮುಗಿಸಬಹುದು.

ಟಿಕೆಟ್‌ನ ಮೇಲೆ ಸರಣಿ ಅಕ್ಷರ ಮತ್ತು ಸಂಖ್ಯೆ, ಬೆಲೆ, ಡ್ರಾದ ದಿನಾಂಕ ಇರುತ್ತವೆ. ಸರಣಿಯೂ ಸಂಖ್ಯೆಯೂ ಪೂರ್ತಿ ಹೊಂದಿದರೆ ಮೊದಲ ಬಹುಮಾನ. ಕೊನೆಯ ನಾಲ್ಕು ಅಂಕಿಗಳಷ್ಟೇ ಹೊಂದಿದರೆ ಚಿಕ್ಕಪುಟ್ಟ ಬಹುಮಾನ. ನಂಬರ್ ನೀವು ಬರೆಯುವುದಲ್ಲ, ಮುದ್ರಿತವಾಗಿಯೇ ಬಂದಿರುತ್ತದೆ. ನಿಮ್ಮ ಆಯ್ಕೆ ಏನಿದ್ದರೂ ಯಾವ ಟಿಕೆಟ್ ಎಂಬುದರಲ್ಲಿ ಮಾತ್ರ.

ಪ್ಲೇವಿನ್ ನೆನಪಿದೆಯೇ?

ನಂಬರ್ ನಾವೇ ಆರಿಸುವ ಆಟವೂ ಬಂದಿತ್ತು. 2000ದ ದಶಕದ ಆರಂಭದಲ್ಲಿ ಎಸ್ಸೆಲ್ ಸಮೂಹದ ‘ಪ್ಲೇವಿನ್’ ಮುಂಬೈ ಸೇರಿ ಹಲವು ನಗರಗಳಲ್ಲಿ ಕಂಪ್ಯೂಟರ್ ಟರ್ಮಿನಲ್ ಇಟ್ಟು ಸಿಕ್ಕಿಂ ಸರ್ಕಾರದ ಆನ್‌ಲೈನ್ ಲಾಟರಿ ಮಾರಿತು. ಅದರ ಸೂಪರ್ ಲೊಟ್ಟೊದಲ್ಲಿ 1ರಿಂದ 49ರವರೆಗಿನ ಸಂಖ್ಯೆಗಳಲ್ಲಿ ಆರನ್ನು ಆರಿಸಬೇಕಿತ್ತು. ಡ್ರಾ ಟಿವಿಯಲ್ಲಿ ಬರುತ್ತಿತ್ತು, ಜಾಕ್‌ಪಾಟ್ ಕೋಟಿಗಳಲ್ಲಿ. 49ರಲ್ಲಿ ಆರನ್ನು ಆರಿಸುವ ಬಗೆಗಳು ಒಟ್ಟು 1,39,83,816. ಅಂದರೆ ಸುಮಾರು 1.4 ಕೋಟಿಯಲ್ಲಿ ಒಂದು ಸಾಧ್ಯತೆ. ಪ್ಲೇವಿನ್ ಈಗ ಇಲ್ಲ.

₹100ರ ಟಿಕೆಟ್‌ನಲ್ಲಿ ಯಾರಿಗೆಷ್ಟು?

ಈಗ ಅಸಲಿ ಲೆಕ್ಕಕ್ಕೆ ಬರೋಣ. ಲಾಟರಿ ಮೇಲೆ 2020ರ ಮಾರ್ಚ್‌ನಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಟಿಕೆಟ್ ಮೇಲೆ ಮುದ್ರಿಸಿದ ಬೆಲೆಯಲ್ಲೇ ತೆರಿಗೆ ಸೇರಿರುವುದರಿಂದ 100 ರೂಪಾಯಿಯ ಟಿಕೆಟ್‌ನಲ್ಲಿ 28 ರೂಪಾಯಿ 57 ಪೈಸೆ ನೇರ ತೆರಿಗೆಗೆ ಹೋಗುತ್ತದೆ. ಉಳಿಯುವುದು 71 ರೂಪಾಯಿ 43 ಪೈಸೆ. ಏಜೆಂಟರ ಕಮಿಷನ್, ಮುದ್ರಣದ ಖರ್ಚು, ಸರ್ಕಾರದ ಲಾಭ, ಬಹುಮಾನ ಎಲ್ಲವೂ ಇದರಲ್ಲೇ ಆಗಬೇಕು.

ಇದನ್ನು ಮಟ್ಕಾ ಜತೆ ಇಟ್ಟು ನೋಡಿ. ಸಿಂಗಲ್ ಅಂಕಿಗೆ ಬುಕ್ಕಿಗಳು ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು ಕೊಡುತ್ತಾರೆ. ಹತ್ತು ಅಂಕಿಗಳಿಗೂ ಹತ್ತತ್ತು ರೂಪಾಯಿ ಹಾಕಿದರೆ ಖರ್ಚು 100, ವಾಪಸ್ 90. ಲೆಕ್ಕದ ಪ್ರಕಾರ ಮಟ್ಕಾ ಆಡುವವರಿಗೆ ನೂರಕ್ಕೆ ತೊಂಬತ್ತು ಮರಳಿದರೆ, ಸರ್ಕಾರಿ ಲಾಟರಿ ಲಾಭವನ್ನೇ ಇಟ್ಟುಕೊಳ್ಳದೆ, ಏಜೆಂಟರಿಗೆ ಬಿಡಿಗಾಸೂ ಕೊಡದೆ ಹಂಚಿದರೂ ಎಪ್ಪತ್ತೊಂದರ ಮೇಲೆ ಹೋಗಲಾರದು. ಮಟ್ಕಾವನ್ನು ಸೋಲಿಸಲು ಹೊರಟ ಟಿಕೆಟ್‌ಗೆ 56 ವರ್ಷ ಕಳೆದರೂ ಅದು ಸಾಧ್ಯವಾಗದ್ದಕ್ಕೆ ಒಂದು ಕಾರಣ ಇಲ್ಲೇ ಇದೆ. ಬುಕ್ಕಿಗೆ ತೆರಿಗೆಯಿಲ್ಲ, ಮುದ್ರಣವಿಲ್ಲ, ಉದ್ರಿಯೂ ಉಂಟು.

ಇದನ್ನು ಓದಿ ಮಟ್ಕಾ ಲಾಭದಾಯಕ ಎಂದು ಯಾರೂ ಎಣಿಸಬೇಡಿ. ನೂರಕ್ಕೆ ಹತ್ತು ಹೋಗುವುದು ಒಂದು ಸುತ್ತಿಗೆ. ದಿನಕ್ಕೆರಡು ಸುತ್ತಿನಂತೆ ತಿಂಗಳಿಡೀ ಆಡುವವನ ಜೇಬಿನಲ್ಲಿ ಉಳಿಯುವುದೇನು? ಅಲ್ಲದೆ ದೊಡ್ಡ ಮೊತ್ತ ಗೆದ್ದಾಗ ಬುಕ್ಕಿ ಕಣ್ಮರೆಯಾದರೆ ಠಾಣೆಗೆ ಹೋಗಿ ದೂರು ಕೊಡುವಂತೆಯೂ ಇಲ್ಲ. ಕರ್ನಾಟಕದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ, ಮಹಾರಾಷ್ಟ್ರದಲ್ಲಿ 1887ರಷ್ಟು ಹಳೆಯ ಜೂಜು ತಡೆ ಕಾಯ್ದೆ, ಎರಡರಡಿಯೂ ಮಟ್ಕಾ ಅಪರಾಧ.

ಸರ್ಕಾರಿ ಟಿಕೆಟ್‌ನಲ್ಲಿ ಹಣ ಸಿಗುವ ಖಾತ್ರಿ ಇದೆ, ಗೆಲ್ಲುವ ಸಾಧ್ಯತೆ ಮಾತ್ರ ತೀರಾ ಸಣ್ಣದು. ಉದಾಹರಣೆಗೆ, 10 ಸರಣಿಗಳಲ್ಲಿ ತಲಾ 1 ಲಕ್ಷ ಟಿಕೆಟ್ ಮುದ್ರಿಸಿದ ಲಾಟರಿ ಎಂದುಕೊಳ್ಳೋಣ. ಒಟ್ಟು 10 ಲಕ್ಷ ಟಿಕೆಟ್, ಮೊದಲ ಬಹುಮಾನ ಒಂದು. ವಾರಕ್ಕೊಂದು ಟಿಕೆಟ್ ತಪ್ಪದೆ ಕೊಂಡರೂ 10 ಲಕ್ಷ ಟಿಕೆಟ್ ಆಗಲು 19 ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಇನ್ನು ಮಾರಾಟವಾಗದೆ ಉಳಿದ ಟಿಕೆಟ್‌ಗೇ ನಂಬರ್ ಬಂದರೆ? ಅದಕ್ಕೇ ಕೆಲವು ಬಂಪರ್‌ಗಳಲ್ಲಿ ‘ಮೊದಲ ಬಹುಮಾನ ಮಾರಾಟವಾದ ಟಿಕೆಟ್‌ಗೇ ಖಚಿತ’ ಎಂದು ಬರೆದಿರುತ್ತಾರೆ. ಆ ಸಾಲು ಇಲ್ಲದ ಟಿಕೆಟ್‌ನಲ್ಲಿ ಆ ಖಾತ್ರಿ ಇದೆ ಎಂದುಕೊಳ್ಳಬೇಡಿ.

ಗೆದ್ದರೆ ಕೈಗೆ ಬರುವುದೆಷ್ಟು?

ಲಾಟರಿ ಗಳಿಕೆಗೆ ಆದಾಯ ತೆರಿಗೆ ಶೇ 30. ಇದಕ್ಕೆ ಮೂಲ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಹತ್ತು ವರ್ಷ ಕೊಂಡ ಟಿಕೆಟ್‌ಗಳ ಖರ್ಚು ಕಳೆಯಿರಿ ಎಂದರೂ ಒಪ್ಪುವುದಿಲ್ಲ. ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರೇ ಶೇ 30 ಟಿಡಿಎಸ್ ಹಿಡಿಯುತ್ತಾರೆ.

ಬೇರೆ ಆದಾಯವಿಲ್ಲದ ಒಬ್ಬರಿಗೆ 1 ಕೋಟಿ ಬಂತು ಎಂದುಕೊಳ್ಳಿ. ಟಿಡಿಎಸ್ 30 ಲಕ್ಷ. 70 ಲಕ್ಷ ಖಾತೆಗೆ ಬರುತ್ತದೆ. ಇಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು ಸಿಕ್ಕಿಬೀಳುವುದು. ಆದಾಯ 50 ಲಕ್ಷ ಮೀರಿದ್ದರಿಂದ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್, ಅಂದರೆ 3 ಲಕ್ಷ. ಎರಡೂ ಸೇರಿದ 33 ಲಕ್ಷದ ಮೇಲೆ ಶೇ 4 ಸೆಸ್, 1.32 ಲಕ್ಷ. ಒಟ್ಟು ತೆರಿಗೆ 34.32 ಲಕ್ಷ. ಟಿಡಿಎಸ್ ಹೋಗಿ ಬಾಕಿ 4.32 ಲಕ್ಷವನ್ನು ಗೆದ್ದವರೇ ಕಟ್ಟಬೇಕು. ಬಂದ ಹಣದಲ್ಲಿ ಸೈಟು, ಚಿನ್ನ ಎಂದು ಖರ್ಚು ಮಾಡಿದ ಮೇಲೆ ನೋಟಿಸ್ ಬಂದರೆ ಕಷ್ಟ. ಕೇರಳದಲ್ಲಿ ಇದಕ್ಕೂ ಮೊದಲೇ ಬಹುಮಾನದಿಂದ ಏಜೆಂಟ್ ಕಮಿಷನ್ ಕಳೆಯುತ್ತಾರೆ. 25 ಕೋಟಿಯ ಬಂಪರ್‌ನಲ್ಲಿ ಶೇ 10ರಂತೆ 2.5 ಕೋಟಿ ಕಮಿಷನ್, ಉಳಿದ 22.5 ಕೋಟಿಗೆ ಶೇ 30 ತೆರಿಗೆ ಹೋಗಿ ಸಿಗುವುದು 15.75 ಕೋಟಿ. ಸರ್‌ಚಾರ್ಜ್, ಸೆಸ್ ಬೇರೆ.

ಗೆದ್ದ ಟಿಕೆಟ್ ಕೈಯಲ್ಲಿದ್ದರೆ ಮೊದಲು ಅದರ ಹಿಂಬದಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿಯಿಲ್ಲದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದು ಎನ್ನುವಂತಾಗುತ್ತದೆ. ಎರಡೂ ಬದಿಯ ಫೋಟೊ ತೆಗೆದಿಡಿ. ಹರಿಯಬಾರದು, ತಿದ್ದಬಾರದು, ಲ್ಯಾಮಿನೇಟ್ ಮಾಡಿಸುವ ಅತಿ ಜಾಣತನವೂ ಬೇಡ. ಬಹುಮಾನ ಕೇಳಲು ಎಷ್ಟು ದಿನ, ಎಷ್ಟು ಮೊತ್ತದವರೆಗೆ ಅಂಗಡಿಯಲ್ಲೇ ಸಿಗುತ್ತದೆ ಎಂಬುದು ಟಿಕೆಟ್‌ನ ಹಿಂಬದಿಯಲ್ಲಿ ಇರುತ್ತದೆ. ದೊಡ್ಡ ಮೊತ್ತಕ್ಕೆ ಲಾಟರಿ ಕಚೇರಿಗೇ ಅರ್ಜಿ ಹಾಕಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಲಾಟರಿ’

‘ನಿಮ್ಮ ಮೊಬೈಲ್ ನಂಬರ್‌ಗೆ 25 ಲಕ್ಷ ಬಂದಿದೆ, ತೆರಿಗೆ ಕಟ್ಟಿದರೆ ಹಣ ಬಿಡುಗಡೆ’ ಎಂಬ ಸಂದೇಶ ಬಾರದ ಫೋನ್ ಅಪರೂಪ. ಮೇಲಿನ ಲೆಕ್ಕ ಗೊತ್ತಿದ್ದವರಿಗೆ ಮೋಸ ತಕ್ಷಣ ತಿಳಿಯುತ್ತದೆ. ಅಸಲಿ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಿಂದಲೇ ಕಡಿತ ಮಾಡುತ್ತಾರೆ. ಹಣ ಪಡೆಯಲು ನೀವು ಮೊದಲು ಹಣ ಕಟ್ಟುವ ಪ್ರಸಂಗವೇ ಬರುವುದಿಲ್ಲ. ಟಿಕೆಟ್ ಕೊಳ್ಳದವರಿಗೆ ಲಾಟರಿ ಹೊಡೆಯುವುದೂ ಇಲ್ಲ. ಇನ್ನು ‘ಕಲ್ಯಾಣ್’, ‘ಮೇನ್ ಮುಂಬೈ’, ‘ಮಿಲನ್’ ಹೆಸರಿನ ರಿಸಲ್ಟ್ ಚಾರ್ಟ್ ಹಾಕುವ ಜಾಲತಾಣಗಳು ಮಟ್ಕಾದವು, ಸರ್ಕಾರಿ ಲಾಟರಿಗೂ ಅವಕ್ಕೂ ಸಂಬಂಧವಿಲ್ಲ. ಮಹಾರಾಷ್ಟ್ರದ ಅಧಿಕೃತ ಫಲಿತಾಂಶ ಬರುವುದು ‘ಗವ್ ಡಾಟ್ ಇನ್’ ಎಂದು ಕೊನೆಯಾಗುವ ಸರ್ಕಾರಿ ತಾಣದಲ್ಲಿ. ಕೇರಳವಂತೂ ತನ್ನ ಟಿಕೆಟ್‌ಗಳನ್ನು ಆ್ಯಪ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮಾರುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕರ್ನಾಟಕದವರು ಮುಂಬೈಗೆ ಅಥವಾ ತಲಪಾಡಿ ಗಡಿಯಾಚೆ ಮಂಜೇಶ್ವರಕ್ಕೆ ಹೋದಾಗ ಅಲ್ಲಿಯೇ ಟಿಕೆಟ್ ಕೊಂಡರೆ ಬಹುಮಾನಕ್ಕೆ ಅಡ್ಡಿಯಿಲ್ಲ, ಮಂಡ್ಯದ ಉದಾಹರಣೆಯೇ ಇದೆ. ಆದರೆ ಕಟ್ಟುಗಟ್ಟಲೆ ತಂದು ಇಲ್ಲಿ ಮಾರಿದರೆ ಅಪರಾಧ.

ಬೆಂಗಳೂರಿನ ಪದಬಂಧ, ಬಾಂಬೆಯ ಕೇಸು

ಲಾಟರಿಯನ್ನು ಒಂದು ರಾಜ್ಯ ನಡೆಸಬಹುದು, ಇನ್ನೊಂದು ನಿಷೇಧಿಸಬಹುದು, ಇದು ಹೇಗೆ? ಇದರ ಹಿಂದೆ ಬೆಂಗಳೂರು–ಬಾಂಬೆ ನಂಟಿನ ಒಂದು ಹಳೆಯ ಮೊಕದ್ದಮೆ ಇದೆ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್‌ಎಂಡಿಸಿ ಬಹುಮಾನ ಪದಬಂಧ ಪ್ರಕಟಿಸುತ್ತಿತ್ತು. ಬಾಂಬೆಯಲ್ಲಿ ಅದಕ್ಕೆ ಭಾರಿ ಬೇಡಿಕೆ. ಬಾಂಬೆ ಸರ್ಕಾರ ತೆರಿಗೆ ಹಾಕಿತು, ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಕೋರ್ಟ್‌ಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟ್, ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದಿತು.

ಆಮೇಲೆ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸರ್ಕಾರ ನಡೆಸಿದರೂ ಲಾಟರಿ ಜೂಜೇ ಎಂದು ಹೇಳಿ ಒಂದು ಷರತ್ತು ಇಟ್ಟಿತು: ಬೇರೆ ರಾಜ್ಯದ ಲಾಟರಿ ನಿಷೇಧಿಸಬೇಕಾದರೆ ತನ್ನ ಲಾಟರಿಯನ್ನೂ ಮುಚ್ಚಬೇಕು. ತನ್ನದನ್ನು ಮಾರುತ್ತ ಪಕ್ಕದವರದ್ದಕ್ಕೆ ಬಾಗಿಲು ಹಾಕುವಂತಿಲ್ಲ. ಕರ್ನಾಟಕ ಎಲ್ಲ ಲಾಟರಿಗಳನ್ನೂ ನಿಷೇಧಿಸಿ ಪೂರ್ಣ ಬಾಗಿಲು ಹಾಕಿದ್ದು ಈ ಲೆಕ್ಕದಲ್ಲೇ. ಆದರೂ 2015ರಲ್ಲಿ ಒಂದಂಕಿ ಅಕ್ರಮ ಲಾಟರಿ ದಂಧೆ ಬಯಲಾಗಿ, ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರೂ ಕೇಳಿಬಂದು, ತನಿಖೆ ಸಿಬಿಐಗೆ ಹೋದದ್ದನ್ನು ಓದುಗರು ಮರೆತಿರಲಿಕ್ಕಿಲ್ಲ.

ಈಗ ಅದೇ ಕವಲುದಾರಿಯಲ್ಲಿ ಮಹಾರಾಷ್ಟ್ರ ನಿಂತಿದೆ. ಆದಾಯ ಸಾಕಷ್ಟಿಲ್ಲ, ಲಾಟರಿ ಮುಚ್ಚಿಬಿಡೋಣವೇ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆಯಿತು. ಮಾರಾಟಗಾರರು ವಿರೋಧಿಸಿದರು. ಬಳಿಕ ಮಾಜಿ ಹಣಕಾಸು ಸಚಿವ ಸುಧೀರ್ ಮುನಗಂಟಿವಾರ್ ನೇತೃತ್ವದಲ್ಲಿ ಶಾಸಕರ ಸಮಿತಿ ರಚನೆಯಾಗಿ, ಕೇರಳದಂಥ ರಾಜ್ಯಗಳ ಮಾದರಿ ಅಧ್ಯಯನದ ಹೊಣೆ ಹೊತ್ತಿತು. ಕೇರಳದಲ್ಲಿ ಕಾರುಣ್ಯ ಲಾಟರಿಯ ಹಣ ಬಡವರ ಚಿಕಿತ್ಸೆಗೆ ಎಂದು ಹೇಳಿಯೇ ಟಿಕೆಟ್ ಮಾರುತ್ತಾರೆ, ಅಂಗವಿಕಲರು, ವೃದ್ಧರು ಸೇರಿ ದೊಡ್ಡದೊಂದು ಮಾರಾಟಗಾರರ ಪಡೆ ಅದರ ಮೇಲೆ ಬದುಕುತ್ತಿದೆ. ಮುಂಬೈನ ಸ್ಟಾಲ್‌ಗಳಲ್ಲಿ ಮಹಾರಾಷ್ಟ್ರದ ಟಿಕೆಟ್‌ಗಿಂತ ಹೊರರಾಜ್ಯಗಳ ಟಿಕೆಟ್‌ಗಳೇ ಎದ್ದು ಕಾಣುತ್ತವೆ. ರಾಜ್ಯ ತನ್ನ ಲಾಟರಿ ಮುಚ್ಚಿದರೆ 1999ರ ತೀರ್ಪಿನಂತೆ ಅವನ್ನೂ ನಿಷೇಧಿಸುವ ಅಧಿಕಾರ ಅದಕ್ಕೆ ಸಿಗುತ್ತದೆ, ಸ್ಟೇಷನ್ ಮುಂದಿನ ಸ್ಟಾಲ್‌ಗಳೂ ಖಾಲಿಯಾಗುತ್ತವೆ. ಮುಚ್ಚದಿದ್ದರೆ ಶೇ 40ರ ತೆರಿಗೆ ಹೊತ್ತು ಬುಕ್ಕಿಯ ಎದುರು ಟಿಕೆಟ್ ಮಾರುತ್ತಲೇ ಇರಬೇಕು.